ಸುಖದ ಲೆಕ್ಕದಲ್ಲಿ ಸಂಬಂಧ

ಮನುಷ್ಯರ ಆರೋಗ್ಯ, ಸುಖಗಳ ಕುರಿತ ಹಾರ್ವರ್ಡ್ ವಿಶ್ವವಿದ್ಯಾಲಯದ ದೀರ್ಘ ಅಧ್ಯಯನ 1938ರಲ್ಲಿ ಆರಂಭವಾಯಿತು. ಕಾಲೇಜಿನ 268 ವಿದ್ಯಾರ್ಥಿಗಳ ಜೊತೆಗೆ ಮುಂದೆ ಬಾಸ್ಟನ್ನಿನ ಬಡ ಕೇರಿಗಳ 456 ಹುಡುಗರೂ ಸೇರಿದರು. ಸಂಶೋಧಕರು ದಶಕಗಟ್ಟಲೆ ಅವರ ಬೆನ್ನುಹತ್ತಿದರು: ಪ್ರಶ್ನಾವಳಿ ಕಳಿಸಿದರು, ರಕ್ತ ಪರೀಕ್ಷಿಸಿದರು, ಮನೆಗೇ ಹೋಗಿ ಮಾತನಾಡಿಸಿದರು, ಹೆಂಡತಿ-ಮಕ್ಕಳನ್ನೂ ವಿಚಾರಿಸಿದರು. ಐವತ್ತರ ವಯಸ್ಸಿನಲ್ಲಿ ಸಂಬಂಧಗಳಲ್ಲಿ ಹೆಚ್ಚು ತೃಪ್ತಿ ಕಂಡವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಕೊಲೆಸ್ಟರಾಲ್ ಮಟ್ಟ ಕೂಡ ಇಷ್ಟು ಸರಿಯಾಗಿ ಮುಂದಿನ ಆರೋಗ್ಯವನ್ನು ಸೂಚಿಸಲಿಲ್ಲ. ಮೊದಲು ಆಯ್ಕೆಯಾದವರೆಲ್ಲ ಬಿಳಿಯ ಗಂಡಸರು ಎಂಬ ಮಿತಿ ಸಣ್ಣದಲ್ಲ. ಆದರೂ ಸುಖವನ್ನು ಸಂಬಳದಲ್ಲಷ್ಟೇ ಅಳೆಯುವ ರೂಢಿಯನ್ನು ಈ ಫಲಿತಾಂಶ ಗಟ್ಟಿಯಾಗಿ ಪ್ರಶ್ನಿಸುತ್ತದೆ. ಕೆಲಸದ ಅವಧಿ, ಸಾರಿಗೆ, ವಸತಿಯ ನೀತಿ ರೂಪಿಸುವವರು ಜನ ತಮ್ಮವರೊಂದಿಗೆ ಕಳೆಯಬಹುದಾದ ವೇಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.