ಡಿಸೆಂಬರ್ 26: ತೋಟಕ್ಕೆ ಬಂದವರು ನೆಂಟರೋ, ಮನೆಯವರೋ?

ಡಿಸೆಂಬರ್ 25ರ ಕ್ರಿಸ್ಮಸ್ ನಮ್ಮ ಸದಸ್ಯರಲ್ಲಿ ಹೆಚ್ಚಿನವರ ಮನೆಯ ಹಬ್ಬವಲ್ಲ. ಆದರೆ ಅದರ ಮರುದಿನ ಮಾತ್ರ ಜಾತಿ ಮತದ ಭೇದವಿಲ್ಲದೆ ನಮ್ಮೆಲ್ಲರ ಮನೆಯ ದಿನವಾಗಿಬಿಟ್ಟಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳಲ್ಲಿ ಮಕ್ಕಳ ಮನೆ ಇರುವ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 26ರ ಬೆಳಿಗ್ಗೆ ಆ ಬಡಾವಣೆಗಳ ಬೀದಿಗಳಲ್ಲಿ ನಡೆದರೆ ಎಷ್ಟೋ ಗೇಟುಗಳಿಗೆ ಬೀಗ ಬಿದ್ದಿರುತ್ತದೆ. ಹಾಲು ಬೇಡವೆಂದು ಹಿಂದಿನ ದಿನವೇ ಹೇಳಿರುತ್ತಾರೆ. ತುಳಸಿ ಗಿಡಕ್ಕೆ ನೀರು ಹಾಕುವ ಹೊಣೆ ಪಕ್ಕದ ಮನೆಯವರದು.

ನಮ್ಮ ತೋಟದ ಕುಟುಂಬಗಳು ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲೇ ಹೆಚ್ಚಾಗಿ ನೆಲೆಸಿದ್ದಕ್ಕೆ ಕಾರಣ ಸರಳ. ಊರಿನ ದಾರಿಗಳೆಲ್ಲ ಆ ಕಡೆಯಿಂದಲೇ ಹೊರಡುತ್ತವೆ. ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿದರೆ ಒಂದು ಕಡೆ ಶಿವಮೊಗ್ಗೆ, ಇನ್ನೊಂದು ಕಡೆ ಕುಣಿಗಲ್ಲು, ಹಾಸನ, ಸಕಲೇಶಪುರ. ಕೆಂಗೇರಿಯಿಂದ ಮುಂದೆ ಹೋದರೆ ಮೈಸೂರು, ಕೊಡಗು. ಯಶವಂತಪುರದ ರೈಲು ನಿಲ್ದಾಣವೂ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣವೂ ಕೈಗೆಟಕುವ ದೂರದಲ್ಲಿವೆ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ರೈಲು ದಾರಿಯಾಯಿತು. 2021ರಲ್ಲಿ ಮೆಟ್ರೊ ಕೆಂಗೇರಿ ಮುಟ್ಟಿತು. 2023ರಲ್ಲಿ ಮೈಸೂರಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅಪ್ಪನಿಗೆ ಮೈಸರಿಯಿಲ್ಲ ಎಂದರೆ ರಾತ್ರಿಯೇ ಹೊರಟು ಬೆಳಗಿನ ಜಾವ ಮುಟ್ಟಬಹುದು ಎಂಬ ಲೆಕ್ಕಾಚಾರದ ಮೇಲೆ ಸೈಟು ಕೊಂಡವರು ನಮ್ಮಲ್ಲಿ ಬಹಳ ಮಂದಿ. ಈ ಲೆಕ್ಕ ಡಿಸೆಂಬರಿನಲ್ಲಿ ತುಸು ತಪ್ಪುವುದುಂಟು, ಅದು ಬೇರೆ ಮಾತು. 2021ರ ಡಿಸೆಂಬರ್ 25ರಂದು ಪೀಣ್ಯದ ಮೇಲ್ಸೇತುವೆಯನ್ನು ದುರಸ್ತಿಗಾಗಿ ಮುಚ್ಚಿದಾಗ, ಗೊರಗುಂಟೆಪಾಳ್ಯ ದಾಟುವಷ್ಟರಲ್ಲೇ ಮೊಮ್ಮಕ್ಕಳ ತಿಂಡಿಯ ಡಬ್ಬಿ ಖಾಲಿಯಾದ ಮನೆಗಳುಂಟು.

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದೊಡ್ಡ ರಜೆ ದಸರೆಗೆ. ಆದರೆ ಈ ಬಡಾವಣೆಗಳಲ್ಲಿ ಈಗ ಮಕ್ಕಳು ಓದುವ ಅನೇಕ ಶಾಲೆಗಳು ಕ್ರಿಸ್ಮಸ್ಸಿಗೆ ವಾರದಷ್ಟಾದರೂ ಬಾಗಿಲು ಹಾಕುತ್ತವೆ. ಕೆಲವು ಕಂಪನಿಗಳೂ ವರ್ಷದ ಕೊನೆಗೆ ರಜೆ ಕೊಡುತ್ತವೆ. ಗಂಡ, ಹೆಂಡತಿ, ಮಕ್ಕಳು ಮೂವರಿಗೂ ಒಟ್ಟಿಗೆ ಬಿಡುವು ಸಿಗುವುದು ಆಗಲೇ. ದೀಪಾವಳಿಗೆ ಮಗ ಬಂದರೆ ಮಗಳು ಬರುವುದಿಲ್ಲ, ಯುಗಾದಿಗೆ ಪರೀಕ್ಷೆ ಅಡ್ಡ ಬರುತ್ತದೆ. ಹೀಗಾಗಿ ಯಾವ ಪಂಚಾಂಗದಲ್ಲೂ ಇಲ್ಲದ ಒಂದು ದಿನ ನಮ್ಮ ಮನೆಗಳ ದೊಡ್ಡ ಕೂಟದ ದಿನವಾಗಿದೆ.

ಆ ದಿನವನ್ನು ಮನೆಗಳಲ್ಲಿ ಹೇಗೆ ಕಳೆಯುತ್ತಾರೆಂದು ನೋಡೋಣ. ಬೆಂಗಳೂರಿನಲ್ಲೇ ಉಳಿದವರ ಮನೆಯಲ್ಲಿ ಬೆಳಗಿನ 5 ಗಂಟೆಗೆ ಟಿ.ವಿ. ಹಚ್ಚುತ್ತಾರೆ. ಮೆಲ್ಬರ್ನಿನ ಟೆಸ್ಟ್ ಪಂದ್ಯ ಶುರುವಾಗುವುದು ಆಗ. 2018ರ ಡಿಸೆಂಬರ್ 26ರಂದು ನಮ್ಮ ಬೆಂಗಳೂರಿನ ಮಯಾಂಕ್ ಅಗರ್ವಾಲ್ ತಮ್ಮ ಮೊದಲ ಟೆಸ್ಟಿನಲ್ಲೇ 76 ರನ್ ಹೊಡೆದದ್ದನ್ನು ಕಂಬಳಿ ಹೊದ್ದು ನೋಡಿದವರು ಈಗಲೂ ಆ ಕಥೆ ಹೇಳುತ್ತಾರೆ. ಒಂಬತ್ತಕ್ಕೆ ದೋಸೆ, ಮಧ್ಯಾಹ್ನ ನಿದ್ದೆ. ನೆರೆಯಲ್ಲಿ ಮಂಗಳೂರು ಕಡೆಯ ಕ್ರೈಸ್ತ ಕುಟುಂಬವಿದ್ದರೆ ಕುಸ್ವಾರಿನ ತಟ್ಟೆ ಬಂದಿರುತ್ತದೆ: ನೆವ್ರಿ, ಕಿಡಿಯೊ, ಒಂದು ತುಂಡು ಕೇಕು. ಖಾಲಿ ತಟ್ಟೆ ಹಿಂತಿರುಗಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕೆಂದು ಅತ್ತೆ ಸೊಸೆಗೆ ಹೇಳುತ್ತಾರೆ. ಇದರಲ್ಲಿ ನಮಗೆ ಆಕ್ಷೇಪವೇನೂ ಇಲ್ಲ.

ಇನ್ನು ಕೆಲವರು ಗೋವಾಕ್ಕೆ ಹೋಗುತ್ತಾರೆ, ಊಟಿಗೆ ಹೋಗುತ್ತಾರೆ. ಇಲ್ಲೊಂದು ವಿನೋದವಿದೆ. ನಮ್ಮ ಸದಸ್ಯರಲ್ಲಿ ಹೋಂಸ್ಟೇ ನಡೆಸುವವರು ಆ ವಾರ ವಿಜಯನಗರದ, ಬಸವೇಶ್ವರನಗರದ ಅಪರಿಚಿತರಿಗೆ ತಮ್ಮ ತೋಟ ತೋರಿಸಿ, ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಒಳಗಿನ ಸಿಹಿ ಲೋಳೆಯನ್ನು ಪಟ್ಟಣದ ಮಕ್ಕಳಿಗೆ ಚೀಪಿಸುತ್ತಿರುತ್ತಾರೆ. ಅವರದೇ ಮಗ ಅದೇ ಹೊತ್ತಿಗೆ ಇನ್ನೊಬ್ಬರ ಊರಿನ ಹೋಟೆಲಿನಲ್ಲಿ ಬಾಡಿಗೆ ಕೊಟ್ಟು ಇಳಿದುಕೊಂಡಿರುತ್ತಾನೆ.

ನಮ್ಮ ಮಾತು ಮುಖ್ಯವಾಗಿ ಇವರಿಬ್ಬರನ್ನೂ ಕುರಿತದ್ದಲ್ಲ. ಕಾರು ತುಂಬಿಕೊಂಡು ಅಯ್ಯಂಗಾರ್ ಬೇಕರಿಯ ಮೊಟ್ಟೆಯಿಲ್ಲದ ಪ್ಲಮ್ ಕೇಕಿನ ಸಮೇತ ತೋಟಕ್ಕೇ ಬರುತ್ತಾರಲ್ಲ, ಅವರನ್ನು ಕುರಿತದ್ದು. ಬಂದವರನ್ನು ನಾವು ನೆಂಟರನ್ನು ಉಪಚರಿಸುವ ಹಾಗೆ ಉಪಚರಿಸುತ್ತೇವೆ. ಬಿಸಿನೀರು ಕಾಯಿಸಿಟ್ಟು, ಕಡುಬು ಬೇಯಿಸಿ, ಮಕ್ಕಳು ಮಲಗಿದ್ದಾರೆಂದು ಪಲ್ಪರ್ ಯಂತ್ರವನ್ನು ಕೂಡ ತಡವಾಗಿ ಶುರು ಮಾಡುವ ಅಜ್ಜಂದಿರಿದ್ದಾರೆ. ಮಗ ಜಗುಲಿಯಲ್ಲಿ ಕೂತು ಫೋನು ನೋಡುತ್ತಾನೆ, ಸೊಸೆ ಮಂಜಿನ ಫೋಟೊ ತೆಗೆಯುತ್ತಾಳೆ. 28ಕ್ಕೋ 29ಕ್ಕೋ ಡಿಕ್ಕಿಯಲ್ಲಿ ಕಾಫಿಪುಡಿ, ಕಾಳುಮೆಣಸು, ಬಾಳೆಗೊನೆ ತುಂಬಿಸಿ ಕಳಿಸುತ್ತೇವೆ. ವರ್ಷದಲ್ಲಿ ಮನೆಯವರೆಲ್ಲ ಒಂದೇ ಸೂರಿನಡಿ ಇದ್ದ ನಾಲ್ಕು ದಿನ ಹೀಗೆ ಹೋಗುತ್ತದೆ.

ಆ ನಾಲ್ಕು ದಿನ ತೋಟದಲ್ಲಿ ಏನು ನಡೆದಿರುತ್ತದೆಂದು ಬೆಳೆಗಾರರಿಗೆ ಹೇಳಬೇಕೇ? ಅರೇಬಿಕಾ ಕೊಯ್ಲಿನ ನಡುಮಧ್ಯ. ಹಣ್ಣು ಕೆಂಪಗಾದ ಗಿಡ ಯಾರ ರಜೆಗೂ ಕಾಯುವುದಿಲ್ಲ. ಬಿಟ್ಟರೆ ಒಣಗಿ ಉದುರುತ್ತದೆ, ಅಕಾಲದಲ್ಲಿ ಮಳೆ ಬಂದರೆ ಒಡೆದು ಹೋಗುತ್ತದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ಹುಳಿಯಲು ಶುರು. ಅಡಿಕೆಯ ಮನೆಗಳಲ್ಲಿ ಎರಡನೆಯದೋ ಮೂರನೆಯದೋ ಕೊಯ್ಲು. ಕೊನೆಗಾರ ಇವತ್ತು ಬಂದರೆ ಬಂದ, ಇಲ್ಲದಿದ್ದರೆ ಮುಂದಿನ ವಾರ. ಅಂಗಳದಲ್ಲಿ ಸುಲಿಯುವ ಯಂತ್ರದ ಸದ್ದು, ಒಲೆಯ ಮೇಲೆ ಬೇಯುವ ಹಂಡೆ, ಚೊಗರಿನ ವಾಸನೆ. ಚಾಲಿ ಮಾಡುವ ಕಡೆಗಳಲ್ಲಿ 40–45 ದಿನ ಒಣಗಬೇಕಾದ ಹಣ್ಣಡಿಕೆ ಅಂಗಳದ ತುಂಬ. ಹಳೆಯ ಮೆಟ್ಟುಗತ್ತಿ ಒಂದೆರಡು ಮೂಲೆಯಲ್ಲಿ ನಿಂತಿರುತ್ತವೆ. ಅದರ ಹೆಸರೇನೆಂದು ಮೊಮ್ಮಗಳು ಕೇಳಿದರೆ ಹೇಳಲು ಮಗನಿಗೆ ಅಮ್ಮನನ್ನು ಕೂಗಬೇಕಾಗುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: 26ರ ದಿನ ಬಂದವರನ್ನು ಕಣಕ್ಕೆ ಕರೆಯಬೇಕು, ಅಂದು ರಾತ್ರಿ ಟ್ರಂಕು ತೆರೆಯಬೇಕು.

ಕಣದ ಮಾತು ಮೊದಲು. ಮಕ್ಕಳ ಕೈಯಲ್ಲಿ ಬುಟ್ಟಿ ಕೊಟ್ಟು ನಾಲ್ಕು ಹಣ್ಣು ಕೊಯ್ಯಿಸಿ ಫೋಟೊ ತೆಗೆಯುವುದಲ್ಲ. ಅದನ್ನು ಹೋಂಸ್ಟೇಯವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಸಂಜೆ ಹಣ್ಣು ತೂಗುವ ಹೊತ್ತಿಗೆ ಮಗನನ್ನೋ ಮಗಳನ್ನೋ ರೈಟರ ಪಕ್ಕದಲ್ಲಿ ಕೂರಿಸಿ ಪುಸ್ತಕ ಬರೆಸುವುದು. ಯಾರು ಎಷ್ಟು ಕಿಲೋ ಕೊಯ್ದರು, ಕಾಯಿ ಬೆರೆತದ್ದೆಷ್ಟು, ಕಿಲೋಗೆ ಎಷ್ಟು ಕೂಲಿ, ಮುಂಗಡ ಯಾರ ಹೆಸರಿನಲ್ಲಿ ಎಷ್ಟಿದೆ. ಐದಾರು ಕಿಲೋ ಹಣ್ಣು ಸೇರಿದರೆ ಒಂದು ಕಿಲೋ ಕಾಫಿ ಬೀಜ ಎಂಬ ಲೆಕ್ಕ ಮೊಮ್ಮಕ್ಕಳೇ ಮಾಡಲಿ. ತೇವ ಶೇಕಡ 10ಕ್ಕೆ ಇಳಿಯುವವರೆಗೆ ಪಾರ್ಚ್‌ಮೆಂಟನ್ನು ಏಕೆ ಒಣಗಿಸಬೇಕು, ಅವಸರಪಟ್ಟು ಚೀಲ ಕಟ್ಟಿದರೆ ಏನಾಗುತ್ತದೆ ಎಂಬುದು ಕೈಯಲ್ಲಿ ಬೀಜ ಹಿಡಿದರೆ ಮಾತ್ರ ತಿಳಿಯುವ ಪಾಠ.

ಪಟ್ಟಣದ ಮಕ್ಕಳಿಗೆ ಏನೂ ಗೊತ್ತಿಲ್ಲವೆಂದು ನಾವು ಹೇಳುತ್ತಿಲ್ಲ. ಒಂದು ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಹಾಕಿ, ಕಂತಿನ ಹಣ ಬರುವುದನ್ನು ಕಾಯುತ್ತ ಕೂರಬೇಕಿತ್ತು. 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿ ಮುಗಿಯಿತು. ಈಗ ನ್ಯೂಯಾರ್ಕಿನ ಅರೇಬಿಕಾ ದರ, ಲಂಡನ್ನಿನ ರೊಬಸ್ಟಾ ದರ ರಾಜಾಜಿನಗರದ ಮಗನ ಫೋನಿನಲ್ಲಿ ಅಪ್ಪನಿಗಿಂತ ಮೊದಲು ಬೀಳುತ್ತದೆ. ಯಾವಾಗ ಮಾರಬೇಕೆಂದು ಹೇಳುವ ಬುದ್ಧಿ ಅವನಿಗಿದೆ. ಬೇಲಿಯ ಆಚೆ ಬದಿಯ ಹಳ್ಳ ಯಾರದು, ಯಾವ ತಾಕಿನಲ್ಲಿ ಕಾಂಡಕೊರಕ ಹೆಚ್ಚು, ಯಾವ ಬೋರ್‌ವೆಲ್ ಮಾರ್ಚಿಗೆ ಬತ್ತುತ್ತದೆ ಎಂಬುದು ಮಾತ್ರ ಫೋನಿನಲ್ಲಿ ಬೀಳುವುದಿಲ್ಲ.

ಈ ಮಕ್ಕಳು ಪಟ್ಟಣ ಸೇರಿದ್ದು ತಾವಾಗಿ ಅಲ್ಲ. 2000ದ ನಂತರದ ಮೂರು ನಾಲ್ಕು ವರ್ಷ ಕಾಫಿಯ ಬೆಲೆ ನೆಲ ಕಚ್ಚಿದಾಗ, ಓದಿ ಕೆಲಸ ಹಿಡಿಯಿರಿ ಎಂದು ಮನೆಯವರೇ ಕಳಿಸಿದರು. ಆಗ ಅದೇ ಸರಿಯಾದ ದಾರಿ. ಆ ಸಂಬಳದ ಹಣದಿಂದಲೇ ಎಷ್ಟೋ ತೋಟಗಳು ಸಾಲದಿಂದ ಪಾರಾದವು. 2024–25ರಲ್ಲಿ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತೆಂದು, ಎಲ್ಲ ಬಿಟ್ಟು ಬಂದುಬಿಡಿ ಎನ್ನುವುದು ಬುದ್ಧಿವಂತಿಕೆಯಲ್ಲ. ಅಡಿಕೆಯವರಂತೂ ಎಲೆಚುಕ್ಕಿ ರೋಗದ ನಡುವೆ ಯಾರನ್ನೂ ಕರೆಯುವ ಧೈರ್ಯ ಮಾಡುತ್ತಿಲ್ಲ. ವಾಪಸು ಬರುವುದು ಬಿಡುವುದು ಅವರ ಇಷ್ಟ. ಇರುವುದೇನು ಎಂಬುದನ್ನು ತಿಳಿದು ತೀರ್ಮಾನಿಸಲಿ ಎಂಬುದಷ್ಟೇ ನಮ್ಮ ಮಾತು.

ಇನ್ನು ಟ್ರಂಕಿನ ವಿಷಯ. ಹೆಚ್ಚಿನ ಮನೆಗಳಲ್ಲಿ ಅದು ಅಜ್ಜನ ಮಂಚದಡಿ ಇರುತ್ತದೆ. ಪಹಣಿ, ಪಾಲುಪತ್ರ, ಬ್ಯಾಂಕಿನ ಸಾಲದ ಕಾಗದ, ಸಂಘದ ಷೇರು ಪತ್ರ ಎಲ್ಲ ಒಂದೇ ಬಟ್ಟೆಯ ಗಂಟಿನಲ್ಲಿ. ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಪಹಣಿಯಲ್ಲಿ ಅವರ ಹೆಸರೇ ಮುಂದುವರಿದ ತೋಟಗಳು ನಮ್ಮಲ್ಲಿ ಕಡಿಮೆಯಿಲ್ಲ. ಪೌತಿ ಖಾತೆ ಆಗದೆ ಸಾಲಕ್ಕೂ ಸಹಾಯಧನಕ್ಕೂ ಅಲೆದಾಟ ತಪ್ಪುವುದಿಲ್ಲ. ವಾರಸುದಾರರ ಸಹಿ ಬೇಕಾದಾಗ ಒಬ್ಬ ಕೆಂಗೇರಿಯಲ್ಲಿ, ಒಬ್ಬಳು ಬಸವೇಶ್ವರನಗರದಲ್ಲಿ, ಮೂರನೆಯವನು ಅಮೆರಿಕದಲ್ಲಿ. ಎಲ್ಲರೂ ಎದುರಿಗೇ ಕೂತು ಕೇಕು ತಿನ್ನುವ ದಿನ ಈ ಗಂಟನ್ನು ಬಿಚ್ಚದೆ, ಆಮೇಲೆ ವಕೀಲರ ಮನೆಯಲ್ಲಿ ಬಿಚ್ಚುವುದು ಯಾವ ಲೆಕ್ಕ?

ಹಿರಿಯರ ಸಂಕೋಚ ನಮಗೆ ಅರ್ಥವಾಗುತ್ತದೆ. ಅಳಿಯನ ಎದುರಿಗೆ ಸಾಲದ ಮಾತೇಕೆ, ಹೆಣ್ಣುಮಕ್ಕಳು ಪಾಲು ಕೇಳಿಯಾರು ಎಂಬ ಅಂಜಿಕೆ. ಆದರೆ ಪಾಲಿನ ಪ್ರಶ್ನೆ ಕಾನೂನಿನಲ್ಲಿ ಇತ್ಯರ್ಥವಾಗಿರುವ ವಿಷಯ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಆಗ ಹೊರಗಿಟ್ಟಿತ್ತು. ಕೇಂದ್ರದ 2005ರ ತಿದ್ದುಪಡಿಯಿಂದ ಆ ಭೇದ ಹೋಯಿತು. ತಂದೆ ಆ ದಿನ ಬದುಕಿದ್ದರೇ ಇಲ್ಲವೇ ಎಂಬ ತಕರಾರನ್ನು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಮುಗಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆದ ಪಾಲನ್ನು ಮಾತ್ರ ಕಾನೂನು ಅಲುಗಿಸುವುದಿಲ್ಲ. ಕ್ರೈಸ್ತ ಸದಸ್ಯರಿಗೆ 1925ರ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ, ಅಲ್ಲಿಯೂ ಮಗ ಮಗಳಿಗೆ ಸಮಪಾಲು. ಕೇಳುವವರೆಗೆ ಸುಮ್ಮನಿರೋಣ ಎಂಬ ಉಪಾಯದಿಂದ ಹಕ್ಕು ಕರಗುವುದಿಲ್ಲ, ಅಣ್ಣ ತಂಗಿಯರ ನಡುವಿನ ವಿಶ್ವಾಸ ಮಾತ್ರ ಕರಗುತ್ತದೆ. ತೋಟ ಒಡೆಯದೆ ಒಟ್ಟಿಗೆ ನಡೆಸಿ ಆದಾಯ ಹಂಚಿಕೊಳ್ಳುವ ಏರ್ಪಾಡನ್ನು ಹೆಣ್ಣುಮಕ್ಕಳೇ ಮುಂದಿಟ್ಟ ಮನೆಗಳೂ ಇವೆ.

ಮಕ್ಕಳ ಕಡೆಯಿಂದಲೂ ಒಂದು ಆಕ್ಷೇಪವಿದೆ: ವರ್ಷವೆಲ್ಲ ದುಡಿದು ಬಂದ ನಾಲ್ಕು ದಿನವೂ ಲೆಕ್ಕವೇ? ನ್ಯಾಯವಾದ ಮಾತು. ಅದಕ್ಕೇ ನಾವು ಕೇಳುವುದು ಒಂದು ಸಂಜೆ, ಒಂದು ರಾತ್ರಿ. ಉಳಿದ ದಿನ ಮಂಜು ನೋಡಲಿ, ಮಲಗಲಿ.

ಕ್ರೈಸ್ತ ಬೆಳೆಗಾರರಿಗೆ 26 ಬಂಧುಗಳ ಮನೆಗೆ ಹೋಗಿಬರುವ ದಿನ, ಅವರು ಟ್ರಂಕನ್ನು 27ಕ್ಕೆ ತೆರೆದರೂ ಸರಿಯೇ. ಇಂಗ್ಲೆಂಡಿನಲ್ಲಿ ಈ 26ನ್ನು ಬಾಕ್ಸಿಂಗ್ ಡೇ ಎನ್ನುತ್ತಾರೆ. ಹಬ್ಬದ ದಿನ ಧಣಿಯ ಮನೆಯಲ್ಲಿ ದುಡಿದ ಆಳುಗಳಿಗೆ ಮರುದಿನ ಉಡುಗೊರೆಯ ಪೆಟ್ಟಿಗೆ ಕೊಟ್ಟು ಕಳಿಸುತ್ತಿದ್ದ ರೂಢಿಯಿಂದ ಬಂದ ಹೆಸರೆಂದು ಹೇಳುತ್ತಾರೆ. 1871ರ ಕಾಯಿದೆಯಿಂದ ಅದು ಅಲ್ಲಿ ರಜೆಯೂ ಆಯಿತು. ನಮ್ಮ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕ್ರೈಸ್ತ ಕುಟುಂಬಗಳೂ ಇವೆ. 25ರಂದು ಅವರು ತಮ್ಮ ಹಾಡು ಹಾಡಿ, 26ರ ಬೆಳಿಗ್ಗೆ ಮತ್ತೆ ಗಿಡದ ಬುಡಕ್ಕೆ ಬರುತ್ತಾರೆ. ಬೆಂಗಳೂರಿನಿಂದ ತಂದ ಕೇಕಿನಲ್ಲಿ ಒಂದು ಅಲ್ಲಿಗೂ ಹೋಗಲಿ. ಕೊಡಲು ಹೋಗುವ ಮೊಮ್ಮಕ್ಕಳಿಗೆ ಆ ಮಕ್ಕಳ ಹೆಸರು ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ ಆಡಳಿತ ಮಂಡಳಿಗೆ ಒಂದು ಕೋರಿಕೆ. ಸಂಘದ ಷೇರಿಗೆ ನಾಮನಿರ್ದೇಶನ ಮಾಡದ ಸದಸ್ಯರು ಎಷ್ಟೋ ಮಂದಿ ಇದ್ದಾರೆ. ಮಾಡಿದವರಲ್ಲೂ ತೀರಿಹೋದ ಹೆಂಡತಿಯ ಹೆಸರನ್ನೇ ಹಾಗೇ ಬಿಟ್ಟವರಿದ್ದಾರೆ. ಡಿಸೆಂಬರ್ 26 ಮತ್ತು 27ರಂದು ಕಚೇರಿಯನ್ನು ಸಂಜೆ 7ರವರೆಗೆ ತೆರೆದಿಟ್ಟು, ನಾಮನಿರ್ದೇಶನದ ಫಾರಂ, ಪೌತಿ ಖಾತೆಗೆ ಬೇಕಾಗುವ ಕಾಗದಗಳ ಪಟ್ಟಿ, ಕನ್ನಡ ಬರೆದು ಕೊಡಬಲ್ಲ ಒಬ್ಬ ಗುಮಾಸ್ತರು ಇಷ್ಟನ್ನು ಒದಗಿಸಬೇಕು. ಪೇಟೆಗೆ ಬ್ರೆಡ್ಡು ತರಲು ಹೇಗೂ ಕಾರು ಬರುತ್ತದೆ, ಅಪ್ಪ ಮಗ ಇಬ್ಬರೂ ಅದರಲ್ಲೇ ಬಂದು ಸಹಿ ಹಾಕಿ ಹೋಗುತ್ತಾರೆ.