ಓರೆ ನಕ್ಷತ್ರ

ಡಿಸೆಂಬರ್ ಬಂತೆಂದರೆ ನಮ್ಮ ಬೀದಿಯ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ನಕ್ಷತ್ರಗಳು, ಬಣ್ಣದ ದೀಪದ ಸರಗಳು ಜೋತಾಡತೊಡಗುತ್ತವೆ. ಕಳೆದ ವರ್ಷ ಕ್ರಿಸ್‌ಮಸ್ ರಜೆಗೆ ಬಂದಿದ್ದ ಮೊಮ್ಮಗಳು ಮೊಬೈಲಿನಲ್ಲಿ ಅಂಥದ್ದೇ ಒಂದು ಚಿತ್ರ ತೋರಿಸಿ, "ತಾತ, ನಮ್ಮ ಮನೆ ಮುಂದೂ ಹಾಕೋಣವಾ? ಸಾವಿರದ ಇನ್ನೂರು ರೂಪಾಯಿ ಅಷ್ಟೇ" ಎಂದಳು.

ಬೇಡ ಎನ್ನಲು ಬಾಯಿ ತೆರೆದೆ. ಎದುರಿಗೆ ಅವಳಪ್ಪ, ಅಂದರೆ ನನ್ನ ಮಗ, ಪೇಪರ್ ಓದುತ್ತಾ ಕೂತಿದ್ದ. ತಲೆ ಎತ್ತದೆಯೇ ಮುಗುಳ್ನಕ್ಕ. ಆ ನಗು ಯಾಕೆಂದು ನನಗೆ ಗೊತ್ತಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ಕೊಳ್ಳೋದು ಬೇಡ ಪುಟ್ಟಿ, ಮಾಡೋಣ" ಎಂದೆ.

ಮಕ್ಕಳೇ, ಆ ನಗುವಿನ ಕಥೆ ಮೊದಲು ಹೇಳಿಬಿಡುತ್ತೇನೆ.

1986ನೇ ಇಸವಿ. ತುಮಕೂರು ಕಡೆಯವನಾದ ನಾನು ಆಗ ಮಂಗಳೂರಿನ ಹತ್ತಿರದ ಒಂದು ಊರಿನ ಬ್ಯಾಂಕಿನಲ್ಲಿ ಗುಮಾಸ್ತ. ನಾವು ಬಾಡಿಗೆಗಿದ್ದದ್ದು ಒಬ್ಬರು ಕ್ರೈಸ್ತ ಮಹಿಳೆಯ ಮನೆಯ ಪಕ್ಕದ ಎರಡು ಕೋಣೆಗಳಲ್ಲಿ. ಊರವರೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು.

ಕ್ರಿಸ್‌ಮಸ್ಸಿಗೆ ಹತ್ತು ಹನ್ನೆರಡು ದಿನವಿರುವಾಗಲೇ ಬಾಯಮ್ಮ ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ, ನೆನೆಸಿದ ಭತ್ತ ಮತ್ತು ರಾಗಿ ಬಿತ್ತುತ್ತಿದ್ದರು. ಹಬ್ಬದ ಹೊತ್ತಿಗೆ ಅದು ಗೇಣುದ್ದದ ಹಸಿರು ಪೈರಾಗಿರುತ್ತಿತ್ತು. ಜಗಲಿಯ ಮೂಲೆಯಲ್ಲಿ ಬೈಹುಲ್ಲಿನ ಪುಟ್ಟ ಗುಡಿಸಲು, ಅದರೊಳಗೆ ಮಣ್ಣಿನ ಗೊಂಬೆಗಳು, ಸುತ್ತ ಈ ಚಿಪ್ಪುಗಳ ಗದ್ದೆ. ಇದೇ ಗೋದಲಿ. ಮರಿಯ, ಜೋಸೆಫ್, ಕುರುಬರು, ದನ, ಕುರಿ ಎಲ್ಲ ಮೊದಲೇ ಬಂದು ನಿಂತಿರುತ್ತಿದ್ದರು. ಬಾಲ ಯೇಸುವಿನ ಗೊಂಬೆ ಮಾತ್ರ 24ರ ರಾತ್ರಿಯವರೆಗೆ ಬಾಯಮ್ಮನ ಕಪಾಟಿನಲ್ಲೇ.

ಗೋದಲಿಗೂ ಒಂದು ಇತಿಹಾಸವಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿ, ನಿಜವಾದ ಎತ್ತು, ನಿಜವಾದ ಕತ್ತೆ ಇಟ್ಟುಕೊಂಡು ಕ್ರಿಸ್ತ ಹುಟ್ಟಿದ ರಾತ್ರಿಯನ್ನು ಜನರಿಗೆ ತೋರಿಸಿದರು. ಅಲ್ಲಿಯೂ ಇದ್ದದ್ದು ಆ ಹಳ್ಳಿಯ ಕೈಗೆ ಸಿಕ್ಕ ವಸ್ತುಗಳೇ.

ಬಾಯಮ್ಮನ ಮನೆಯ ಮಕ್ಕಳು ಬಿದಿರು ಸೀಳಿ ನಕ್ಷತ್ರ ಕಟ್ಟುವುದನ್ನು ನೋಡಿ ಎಂಟು ವರ್ಷದ ನನ್ನ ಮಗನಿಗೂ ಆಸೆಯಾಯಿತು. ತಾನೇ ಕೂತು ಹಂದರ ಕಟ್ಟಿದ. ಅಂಟಿಸಲು ಗಾಳಿಪಟದ ಹಾಳೆ ಬೇಕಿತ್ತು. ಒಂದು ರೂಪಾಯಿ ಕೇಳಿದ.

ಆಗ ಬ್ಯಾಂಕುಗಳ ವರ್ಷದ ಲೆಕ್ಕ ಮುಗಿಯುತ್ತಿದ್ದುದು ಡಿಸೆಂಬರ್ 31ಕ್ಕೆ. ಮಾರ್ಚ್ 31 ಆದದ್ದು ಆಮೇಲೆ. ಕಂಪ್ಯೂಟರ್ ಇರಲಿಲ್ಲ. ಲೆಡ್ಜರಿನ ಒಂದೊಂದು ಖಾತೆಯ ಬಾಕಿಯನ್ನೂ ಕೈಯಲ್ಲೇ ಕೂಡಿ ತಾಳೆ ನೋಡಬೇಕು. ಆ ವಾರ ನನ್ನ ಲೆಡ್ಜರಿನಲ್ಲಿ 90 ಪೈಸೆ ವ್ಯತ್ಯಾಸ. ಎರಡು ದಿನ ಹುಡುಕಿದರೂ ಸಿಕ್ಕಿರಲಿಲ್ಲ. ರಾತ್ರಿ ಮನೆಗೆ ಬಂದವನ ಮುಂದೆ ಹುಡುಗ ಹಂದರ ಹಿಡಿದು ನಿಂತ. "ದುಡ್ಡೇನು ಮರದಲ್ಲಿ ಬಿಡುತ್ತಾ? ಅದು ನಮ್ಮ ಹಬ್ಬವೂ ಅಲ್ಲ, ಹೋಗಿ ಮಲಗು" ಎಂದು ಗದರಿಬಿಟ್ಟೆ. ಅವನು ಅಳಲಿಲ್ಲ. ಹಂದರವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಮಲಗಿದ.

24ರಂದು ನಾನು ಮನೆ ಸೇರಿದಾಗ ಹತ್ತು ಗಂಟೆ. ಬಾಯಮ್ಮನ ಜಗಲಿಯಲ್ಲಿ ಒಂದರ ಬದಲು ಎರಡು ನಕ್ಷತ್ರ ಉರಿಯುತ್ತಿದ್ದವು. ನಾನು ನೋಡುತ್ತಾ ನಿಂತದ್ದನ್ನು ಕಂಡು ಅವರು ಹೊರಗೆ ಬಂದು, "ಅದು ನಿಮ್ಮ ಮಗನದ್ದು ಮಾರಾಯ್ರೆ. ಹಾಳೆ ನಮ್ಮಲ್ಲಿ ಉಳಿದಿತ್ತು. ಸ್ವಲ್ಪ ಓರೆ ಉಂಟು, ಆದರೆ ಬೆಳಕಿಗೆ ಎಂತ ತೊಂದರೆ ಇಲ್ಲ" ಎಂದರು.

ಆ 90 ಪೈಸೆ ಮರುದಿನವೋ ಅದರ ಮರುದಿನವೋ ಸಿಕ್ಕಿತು. ಎಲ್ಲಿ ತಪ್ಪಿತ್ತೆಂದು ಈಗ ನೆನಪಿಲ್ಲ. ಬಾಗಿಲ ಹಿಂದೆ ತೂಗಾಡುತ್ತಿದ್ದ ಆ ಬರಿ ಹಂದರ ಮಾತ್ರ ನೆನಪಿದೆ.

ಇನ್ನು ಮೊಮ್ಮಗಳ ನಕ್ಷತ್ರಕ್ಕೆ ಬರೋಣ. ಹಳೆಯ ಬಿದಿರಿನ ಪರದೆಯೊಂದು ಅಟ್ಟದ ಮೇಲಿತ್ತು. ಅದರಿಂದ ಎರಡಡಿ ಉದ್ದದ 10 ಕಡ್ಡಿ ತೆಗೆದೆವು. ಐದು ಕಡ್ಡಿಗಳನ್ನು ತುದಿಗೆ ತುದಿ ಸೇರಿಸಿ ಕಟ್ಟಿದರೆ, ಪೆನ್ಸಿಲ್ ಎತ್ತದೆ ಬರೆಯುತ್ತೇವಲ್ಲ, ಅದೇ ನಕ್ಷತ್ರ. ಅಂಥವು ಎರಡು ಬೇಕು. ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಬಿಗಿಯಾಗಿ ಕಟ್ಟಬೇಕು. ಆಮೇಲಿನ ಗುಟ್ಟು ಇಷ್ಟೇ: ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗಗಳಲ್ಲಿ ಎರಡೂ ಹಂದರಗಳ ನಡುವೆ ನಾಲ್ಕಂಗುಲದ ತುಂಡುಗಳನ್ನು ಸಿಕ್ಕಿಸಬೇಕು. ಆಗ ನಕ್ಷತ್ರದ ಹೊಟ್ಟೆ ಉಬ್ಬುತ್ತದೆ. ಮೊದಲ ಸಲ ನಾವು ಇದನ್ನು ಮರೆತು ಹಾಳೆ ಅಂಟಿಸಿಬಿಟ್ಟೆವು. ನಕ್ಷತ್ರ ಹಪ್ಪಳದಂತಾಯಿತು. ಬಿಚ್ಚಿ ಮತ್ತೆ ಮಾಡಿದೆವು.

ಅಂಟಿಗೆ ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿದರೆ ಸಾಕು. ಹಿಂಬದಿಯ ಒಂದು ಮೂಲೆಗೆ ಹಾಳೆ ಅಂಟಿಸದೆ ಬಿಡಿ, ಬಲ್ಬು ಒಳಗಿಡಲು. ಚಿಕ್ಕ ಎಲ್‌ಇಡಿ ಬಲ್ಬೇ ಇರಲಿ. ಹಳೆಯ ಕಾಲದ ಬಲ್ಬು ಕಾದು ಹಾಳೆಯನ್ನು ಸುಡುತ್ತದೆ, ಮೇಣದಬತ್ತಿಯಂತೂ ಬೇಡವೇ ಬೇಡ. ತಂತಿಯ ಕೆಲಸ ದೊಡ್ಡವರಿಗೆ ಬಿಡಿ.

ಹೊಸಿಲಿಗೆ ರಂಗೋಲಿ, ಬಾಗಿಲಿಗೆ ಮಾವಿನೆಲೆ ತೋರಣ, ಪಕ್ಕದಲ್ಲಿ ಈ ನಕ್ಷತ್ರ. ಧನುರ್ಮಾಸದ ಚಳಿಯಲ್ಲಿ ಮೂರೂ ಚೆನ್ನಾಗಿಯೇ ಹೊಂದಿಕೊಂಡವು. ಕ್ರಿಸ್‌ಮಸ್ ಕಳೆದರೂ ಇಳಿಸಲು ಮನಸ್ಸಾಗದೆ ಸಂಕ್ರಾಂತಿಯವರೆಗೆ ಬಿಟ್ಟೆವು. ಎಳ್ಳು ಬೀರಲು ಬಂದ ಪಕ್ಕದ ಮನೆಯ ಮಕ್ಕಳು ಮಾಡುವುದು ಹೇಗೆಂದು ಕೇಳಿಕೊಂಡು ಹೋದರು.

ನಕ್ಷತ್ರ ಕಟ್ಟಿದ ದಿನ ಮೊಮ್ಮಗಳಿಗೆ ಲೆಕ್ಕ ಬರೆಯಲು ಹೇಳಿದ್ದೆ, ಹಳೆಯ ಚಾಳಿ ನೋಡಿ. ಹಾಳೆಗೆ 40, ದಾರಕ್ಕೆ 10, ಬಲ್ಬಿಗೆ 60. ಒಟ್ಟು 110 ರೂಪಾಯಿ ಎಂದು ಅಡಿಗೆರೆ ಎಳೆದಳು. ಮಗ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದ: "ಹಳೆ ಬಾಕಿ, 1 ರೂಪಾಯಿ." ನಾನು ಮಾತಾಡದೆ ಒಳಗೆ ಹೋಗಿ ಒಂದು ನಾಣ್ಯ ತಂದು ಅವನ ಅಂಗೈಯಲ್ಲಿಟ್ಟೆ. ಏನೂ ತಿಳಿಯದ ಮೊಮ್ಮಗಳು ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಬಾಯಮ್ಮನ ಕಥೆಯನ್ನು ಅವಳಿಗೆ ಹೇಳಿದವನು ಮಗನೇ.

ನನ್ನ ವಯಸ್ಸಿನ ಓದುಗರೇ, ನಿಮ್ಮಲ್ಲೂ ಇಂಥ ಹಳೆ ಬಾಕಿ ಇದ್ದೀತು. ತೀರಿಸಲು ಡಿಸೆಂಬರ್ ಒಳ್ಳೆಯ ತಿಂಗಳು. ಮಕ್ಕಳೇ, ಒಂದು ಹಿಡಿ ರಾಗಿ ಇಂದೇ ನೆನೆಹಾಕಿ, ನಾಳೆ ಚಿಪ್ಪಿನಲ್ಲಿ ಬಿತ್ತಿ. ಆಮೇಲೆ ಕಡ್ಡಿ ಹುಡುಕಿಕೊಂಡು ಅಜ್ಜನ ಪಕ್ಕ ಹೋಗಿ ಕೂರಿ. ನಕ್ಷತ್ರ ಓರೆಯಾದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮದೂ ಓರೆಯೇ.