ಕಾಯುವವರ ಕಡಲು, ಉಣ್ಣುವವರ ಮೀನು

ಪೆಸಿಫಿಕ್ ಮಹಾಸಾಗರದ ನಡುವೆ ಚದುರಿರುವ ಕಿರಿಬಾಟಿ ರಾಷ್ಟ್ರದ ಒಟ್ಟು ನೆಲ ಕೇವಲ 811 ಚದರ ಕಿ.ಮೀ. ಆದರೆ ತೀರದಿಂದ 200 ನಾಟಿಕಲ್ ಮೈಲುಗಳವರೆಗಿನ ಮೀನಿನ ಮೇಲೆ ಆಯಾ ದೇಶಕ್ಕೇ ಹಕ್ಕುಂಟೆಂದು 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದವು ಮಾನ್ಯ ಮಾಡಿದ್ದರಿಂದ, ಸುಮಾರು 35 ಲಕ್ಷ ಚದರ ಕಿ.ಮೀ. ಕಡಲು ಅದರ ಪಾಲಿಗೆ ಬಂದಿದೆ. ಇದು ಭಾರತದ ಭೂಪ್ರದೇಶಕ್ಕಿಂತಲೂ ವಿಸ್ತಾರವಾದುದು. ಇಷ್ಟು ದೊಡ್ಡ ಕಡಲನ್ನು ಕಾಯುವಷ್ಟು ಹಡಗುಗಳಾಗಲಿ ಹಣವಾಗಲಿ ಆ ಪುಟ್ಟ ದೇಶದಲ್ಲಿಲ್ಲ. ಹಕ್ಕು ಕಾಗದದ ಮೇಲಿದ್ದರೂ ಬಲೆ ಪರರ ಕೈಯಲ್ಲಿದೆ.

ಈ ಕಡಲಿನ ಮುಖ್ಯ ಸಂಪತ್ತು ಟ್ಯೂನಾ ಮೀನು. ಬಹುಕಾಲ ಹೊರದೇಶಗಳ ಹಡಗುಗಳು ಒಂದೊಂದು ದ್ವೀಪರಾಷ್ಟ್ರದೊಡನೆ ಪ್ರತ್ಯೇಕವಾಗಿ ಚೌಕಾಸಿ ಮಾಡಿ, ಮೀನಿನ ಬೆಲೆಯ ಅಲ್ಪಾಂಶವನ್ನಷ್ಟೇ ಶುಲ್ಕವಾಗಿ ತೆರುತ್ತಿದ್ದವು. ಕಿರಿಬಾಟಿ, ನೌರು, ಟುವಾಲು, ಪಪುವಾ ನ್ಯೂಗಿನಿ ಮೊದಲಾದ ಎಂಟು ದೇಶಗಳು ನೌರು ಒಪ್ಪಂದದಡಿ ಒಂದಾಗಿ, 2007ರಲ್ಲಿ ಮೀನುಗಾರಿಕೆಯನ್ನು ದಿನಗಳ ಲೆಕ್ಕದಲ್ಲಿ ಮಾರುವ ಪದ್ಧತಿಯನ್ನು ಜಾರಿಗೆ ತಂದವು. ವರ್ಷಕ್ಕೆ ಇಷ್ಟೇ ದಿನಗಳೆಂದು ಮಿತಿ ಹಾಕಿ, ಆ ದಿನಗಳನ್ನು ತಮ್ಮೊಳಗೆ ಹಂಚಿಕೊಂಡವು. 2012ರಲ್ಲಿ ಹಡಗೊಂದಕ್ಕೆ ದಿನಕ್ಕೆ 5,000 ಡಾಲರ್ ಇದ್ದ ಕನಿಷ್ಠ ದರ ಮುಂದೆ 8,000 ಡಾಲರಿಗೆ ಏರಿತು. ಒಗ್ಗಟ್ಟು ಮೀನನ್ನೂ ಉಳಿಸಿತು, ಬೊಕ್ಕಸವನ್ನೂ ತುಂಬಿತು.

ಆದರೆ ಒಗ್ಗಟ್ಟೊಂದೇ ಸಾಲದು. ಕಿರಿಬಾಟಿಯು ತನ್ನ ಫೀನಿಕ್ಸ್ ದ್ವೀಪಗಳ ಸುತ್ತಲಿನ ಸುಮಾರು 4 ಲಕ್ಷ ಚದರ ಕಿ.ಮೀ. ಕಡಲನ್ನು ಸಂರಕ್ಷಿತ ಪ್ರದೇಶವಾಗಿಸಿ, 2015ರಲ್ಲಿ ಅಲ್ಲಿ ವಾಣಿಜ್ಯ ಮೀನುಗಾರಿಕೆಯನ್ನು ನಿಷೇಧಿಸಿತು. ಜಗತ್ತು ಕೊಂಡಾಡಿತು. ಆದರೆ ಮೀನುಗಾರಿಕೆಯ ಶುಲ್ಕವೇ ಸರ್ಕಾರದ ಮುಖ್ಯ ಆದಾಯವಾಗಿರುವ ದೇಶಕ್ಕೆ ಹೊಗಳಿಕೆಯಿಂದ ಶಾಲೆ, ಆಸ್ಪತ್ರೆಗಳನ್ನು ನಡೆಸಲಾಗದು. ಆದಾಯನಷ್ಟದ ಕಾರಣ ನೀಡಿ, ಆ ಕಡಲನ್ನು ಮತ್ತೆ ತೆರೆಯುವ ನಿರ್ಧಾರವನ್ನು ಸರ್ಕಾರವು 2021ರಲ್ಲಿ ಪ್ರಕಟಿಸಿತು. ಈ ನಿರ್ಧಾರವನ್ನು ಖಂಡಿಸುವುದು ಸುಲಭ. ಸಂರಕ್ಷಣೆಯ ಬೆಲೆಯಲ್ಲಿ ಪಾಲು ಕೊಡದವರಿಗೆ ಖಂಡಿಸುವ ನೈತಿಕ ಹಕ್ಕು ಎಷ್ಟೆಂಬುದೇ ಪ್ರಶ್ನೆ.

ಇದರ ಮೇಲೆ ಹವಾಮಾನ ಬದಲಾವಣೆಯ ಹೊಡೆತ. ಕಡಲು ಬಿಸಿಯಾದಂತೆ ಟ್ಯೂನಾ ಪೂರ್ವದಿಕ್ಕಿಗೆ, ಈ ದೇಶಗಳ ಗಡಿಯಾಚೆಯ ಮುಕ್ತ ಕಡಲಿಗೆ ಸರಿಯುವುದೆಂದು ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಭೂಮಿಯನ್ನು ಬಿಸಿಯಾಗಿಸಿದವರು ಬೇರೆಯವರು, ಮೀನು ಕಳೆದುಕೊಳ್ಳುವವರು ದ್ವೀಪದ ಜನ.

ಆದುದರಿಂದ ಮೀನು ಸರಿದುಹೋದರೂ ಅದರ ಆದಾಯದಲ್ಲಿ ದ್ವೀಪರಾಷ್ಟ್ರಗಳ ಪಾಲು ಉಳಿಯಬೇಕು. ಕಡಲ ಕಾವಲಿನ ವೆಚ್ಚವನ್ನು ಮೀನು ಹಿಡಿಯುವ ಮತ್ತು ತಿನ್ನುವ ಸಿರಿವಂತ ದೇಶಗಳೂ ಹೊರಬೇಕು. ಕಾಡಿರಲಿ ಕಡಲಿರಲಿ, ಕಾಯುವ ಹೊಣೆಯನ್ನು ಬಡವರಿಗೆ ಹೊರಿಸಿ ಫಲವನ್ನು ಬಲ್ಲಿದರು ಉಣ್ಣುವ ಸಂರಕ್ಷಣೆಯು ಬಹುಕಾಲ ಬಾಳಲಾರದು.